ಮೆಕ್ಕಲು ಚಿನ್ನವೋ, ಜಾಲುಚಿನ್ನವೋ?

ನಮಸ್ಕಾರ.

ಕೆನಡಾದ ಯೂಕಾನ್ ಪ್ರದೇಶದಲ್ಲಿ ಬೊನಾಂಜಾ ಎಂಬ ಹಳ್ಳವಿದೆ. 1896ರ ಆಗಸ್ಟ್‌ನಲ್ಲಿ ಅಲ್ಲಿ ಚಿನ್ನ ಕಂಡದ್ದೇ ಕ್ಲಾಂಡೈಕ್‌ಗೆ ಜನ ಮುಗಿಬೀಳಲು ಕಾರಣವಾಯಿತು. ಆ ಹಳ್ಳದ ಭೂರಚನೆ ಮತ್ತು ಗಣಿಗಾರಿಕೆಯ ಕುರಿತ ದೀರ್ಘ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಂಡೆಯಿಂದ ಬಿಡಿಯಾಗಿ, ನೀರಿನ ಕೆಲಸದಿಂದ ಮರಳು, ನೊರಜುಗಲ್ಲಿನ ನಡುವೆ ಬಂದು ಸೇರಿದ ಚಿನ್ನದಂಥ ನಿಕ್ಷೇಪಕ್ಕೆ ಇಂಗ್ಲಿಷಿನಲ್ಲಿರುವ ‘ಪ್ಲೇಸರ್’ ಎಂಬ ಒಂದೇ ಪದದಲ್ಲಿ ಎರಡು ವಾರದಿಂದ ಸಿಕ್ಕಿಕೊಂಡಿದ್ದೇನೆ. ಹಾಗೆಯೇ ಉಳಿಸಿಕೊಂಡು ಬರೆದಿದ್ದ ಕರಡನ್ನು ಓದಿದ ಗೆಳತಿಯೊಬ್ಬರು, “ಪ್ಲೇಸರ್ ಎಂಬುವರು ಯಾರು? ಚಿನ್ನ ಕಂಡುಹಿಡಿದವರೇ?” ಎಂದು ಕೇಳಿದರು. ಓದುಗರಿಗೆ ಏನನ್ನೂ ಹೇಳದ ಪದವನ್ನು ಪುಟಪುಟಕ್ಕೂ ಇಡುವುದು ಸರಿಯಲ್ಲ ಎನಿಸಿತು.

ಮೊದಲು ಮೂಲದ ಮಾತು. ಇದು ಸ್ಪ್ಯಾನಿಷ್ ಪದ. ಅಲ್ಲಿ ಇದಕ್ಕೆ ಮರಳದಿಣ್ಣೆ ಎಂಬ ಅರ್ಥವಿದೆ. ಇಂಗ್ಲಿಷಿನವರು ಇದನ್ನು ಉಚ್ಚರಿಸುವುದು ‘ಪ್ಲ್ಯಾಸರ್’ ಎಂದು. ‘ಪ್ಲೇಸರ್’ ಎಂದು ಬರೆಯುವ ನಮ್ಮ ರೂಢಿ ಬರಿಯ ಕಾಗುಣಿತ ನೋಡಿ ಬಂದದ್ದು. ಬೊನಾಂಜಾ ಎಂಬುದೂ ಸ್ಪ್ಯಾನಿಷ್ ನಾವಿಕರ ಮಾತೇ: ಶಾಂತವಾದ ಕಡಲು, ಆಮೇಲೆ ಅದೃಷ್ಟ. ಚಿನ್ನ ಸಿಗುವವರೆಗೆ ಆ ಹಳ್ಳಕ್ಕಿದ್ದ ಹೆಸರು ಮೊಲದ ಹಳ್ಳ. ಕ್ಲಾಂಡೈಕ್ ಎಂಬುದು ಅಲ್ಲಿನ ಮೂಲನಿವಾಸಿಗಳ ಹಾನ್ ಭಾಷೆಯ ‘ಟ್ರೊಂಡೆಕ್’ ಎಂಬ ಮಾತು ಹೊರಗಿನವರ ಬಾಯಲ್ಲಿ ತಿರುಚಿಕೊಂಡ ರೂಪ. ಸಾಲ್ಮನ್ ಮೀನು ಹಿಡಿಯಲು ಹೊಳೆಯಲ್ಲಿ ಗೂಟ ಹೊಡೆಯುತ್ತಿದ್ದ ಸುತ್ತಿಗೆಗಲ್ಲಿನ ಹೊಳೆ ಎಂದು ಅದರ ಅರ್ಥ. ಈ ಹೆಸರಿನ ಕತೆಗೆ ಲೇಖನದಲ್ಲಿ ಇನ್ನೂ ಒಂದು ಪುಟ ಕೊಡಬೇಕೆಂಬ ಆಸೆ ನನ್ನದು.

ಈಗ ಪ್ರಶ್ನೆಗೆ ಬರುತ್ತೇನೆ. ನಮ್ಮ ಪಠ್ಯಗಳಲ್ಲಿ ಕಾಣುವ ‘ಮೆಕ್ಕಲು’ ಎಂಬ ಪದವನ್ನು ಹಿಡಿದು ‘ಮೆಕ್ಕಲು ಚಿನ್ನ’ ಎಂದುಬಿಡಬಹುದು. ಕೇಳಲು ಚೆನ್ನಾಗಿಯೂ ಇದೆ. ಆದರೆ ಮೆಕ್ಕಲು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹೊಳೆಯ ದಡದ ಸಮತಟ್ಟು ನೆಲ, ನೆರೆ ಇಳಿದಾಗ ಉಳಿಯುವ ನುಣುಪು ಮಣ್ಣು. ಬೊನಾಂಜಾದಲ್ಲಿ ಚಿನ್ನ ಹಳ್ಳದ ತಳದಲ್ಲಷ್ಟೇ ಇರಲಿಲ್ಲ, ಹಳ್ಳಕ್ಕಿಂತ ಎಷ್ಟೋ ಎತ್ತರದಲ್ಲಿ ಗುಡ್ಡದ ಹೆಗಲ ಮೇಲೂ ಇತ್ತು. ಅಲ್ಲಿನ ಶಿಸ್ಟ್ ಎಂಬ ಪದರುಪದರಾದ ಬಂಡೆಗಳಲ್ಲಿ ಚಿನ್ನ ಹೊತ್ತ ಬೆಣಚುಕಲ್ಲಿನ ಎಳೆಗಳಿವೆ. ಅವು ಲಕ್ಷಾಂತರ ವರ್ಷ ಶಿಥಿಲವಾಗಿ, ಬಿಡಿಯಾದ ಚಿನ್ನವನ್ನು ಹಳೆಯ ಹೊಳೆಗಳು ನೊರಜುಗಲ್ಲಿನೊಡನೆ ತಂದು ಹಾಸಿದವು. ಆಮೇಲೆ ಹೊಳೆಗಳು ತಮ್ಮ ಹಾಸನ್ನೇ ಕೊರೆದು ಕೆಳಗಿಳಿದವು. ಹಳೆಯ ಹಾಸಿನ ತುಣುಕುಗಳು ಮೇಲೆಯೇ ಉಳಿದವು. ಭೂವಿಜ್ಞಾನಿಗಳು ಅದನ್ನು ‘ವೈಟ್ ಚಾನೆಲ್’ ನೊರಜು ಎನ್ನುತ್ತಾರೆ. ನಾನು ‘ಬಿಳಿ ಹೊಳೆಹಾಸು’ ಎಂದು ಬರೆದುಕೊಂಡಿದ್ದೇನೆ. ಕೊರೆಯುವಾಗ ಅದರಿಂದ ಕೆಳಗೆ ಬಿದ್ದ ಚಿನ್ನವೇ ಈಗಿನ ಹಳ್ಳದ ತಳವನ್ನು ಅಷ್ಟು ಸಮೃದ್ಧಗೊಳಿಸಿದ್ದು. ಹಿಮಯುಗದ ಹಿಮನದಿಗಳು ಈ ಭಾಗವನ್ನು ಆವರಿಸಲಿಲ್ಲವಾದ್ದರಿಂದ ಎರಡೂ ಹಾಸುಗಳು ಕೆರೆದುಹೋಗದೆ ಉಳಿದುಕೊಂಡವು.

ಚಿನ್ನವೆಂದರೆ ಹಳ್ಳದ ತಳದಲ್ಲೇ ಇರಬೇಕು ಎಂಬುದು ಹಳೆಯ ಗಣಿಗಾರರ ಗಟ್ಟಿ ನಂಬಿಕೆಯಾಗಿತ್ತು. 1897ರಲ್ಲಿ ತಡವಾಗಿ ಬಂದ ಹೊಸಬರಿಗೆ ಹಳ್ಳದ ಉದ್ದಕ್ಕೂ ಜಾಗ ಉಳಿದಿರಲಿಲ್ಲ. ಅವರು ಗುಡ್ಡದ ಮೇಲೆ ಅಗೆಯಲು ಹೋದಾಗ ಹಳಬರು ನಕ್ಕರು. ಅಲ್ಲಿಯೂ ಚಿನ್ನ ಸಿಕ್ಕಿತು. ಆ ಗುಡ್ಡಗಳಲ್ಲಿ ಒಂದಕ್ಕೆ ‘ಚೀಚಾಕೋ’ ಎಂಬ ಹೆಸರೇ ನಿಂತಿತು. ಆ ಸೀಮೆಯ ಬೆರಕೆ ನುಡಿಯಲ್ಲಿ ಅದರರ್ಥ ‘ಹೊಸಬ’. ನಾವು ‘ಮೆಕ್ಕಲು’ ಎಂದರೆ ಓದುಗರನ್ನೂ ಆ ಹಳಬರ ಹಾಗೆ ಹಳ್ಳದ ತಳದಲ್ಲೇ ಹುಡುಕಲು ಬಿಟ್ಟಂತಾಗುತ್ತದೆ ಎಂಬುದು ನನ್ನ ಆತಂಕ. ‘ಹೊಳೆಚಿನ್ನ’ಕ್ಕೂ ಇದೇ ತೊಡಕು. ಅಲಾಸ್ಕಾದ ನೋಮ್‌ನಲ್ಲಿ ಸಮುದ್ರ ದಂಡೆಯ ಮರಳಿನಲ್ಲೇ ಚಿನ್ನ ಸಿಕ್ಕಿತ್ತು. ಅದನ್ನೂ ‘ಪ್ಲೇಸರ್’ ಎಂಬ ಪದ ಒಳಗೊಳ್ಳುತ್ತದೆ.

ಹಾಗಾಗಿ ಜಾಗವನ್ನು ಬಿಟ್ಟು ಕ್ರಿಯೆಯಿಂದ ಪದ ಕಟ್ಟಬೇಕು ಅನಿಸುತ್ತಿದೆ. ನೀರು ತೂಕದ ಪ್ರಕಾರ ಬೇರ್ಪಡಿಸುವುದೇ ಇಲ್ಲಿನ ತಿರುಳು. ಅಪ್ಪಟ ಚಿನ್ನದ ಸಾಪೇಕ್ಷ ಸಾಂದ್ರತೆ 19.3, ಬೆಣಚುಕಲ್ಲಿನದು ಸುಮಾರು 2.65. ಹೊಳೆ ಮಾಡಿದ ಈ ಕೆಲಸವನ್ನೇ ಮನುಷ್ಯ ಬೋಗುಣಿಯಲ್ಲಿ ಮತ್ತೆ ಮಾಡುತ್ತಾನೆ. ಇದಕ್ಕೆ ನಮ್ಮಲ್ಲಿ ‘ಜಾಲಿಸು’ ಎಂಬ ಒಳ್ಳೆಯ ಕ್ರಿಯಾಪದವಿದೆ. ಕಾಳನ್ನು ನೀರಿನಲ್ಲಿ ಕುಲುಕಿ, ತೇಲುವ ಕಾಳನ್ನು ಅಲೆಅಲೆಯಾಗಿ ಬೇರೆ ಪಾತ್ರೆಗೆ ಬಗ್ಗಿಸುತ್ತಾ ಹೋದರೆ ಕೊನೆಗೆ ತಳದಲ್ಲಿ ಕಲ್ಲು ಉಳಿಯುತ್ತದೆ. ಬೋಗುಣಿ ಹಿಡಿದವನ ಕೈಯೂ ಹೀಗೆಯೇ ಆಡುತ್ತದೆ. ಮೊದಲು ಮಣ್ಣು ಹೋಗುತ್ತದೆ, ಆಮೇಲೆ ಮರಳು, ಕೊನೆಗೆ ಅಂಚಿನಲ್ಲಿ ಕರಿಮರಳಿನ ಒಂದು ಕಮಾನು, ಅದರ ಬಾಲದಲ್ಲಿ ಹಳದಿ ಚುಕ್ಕಿ. ಅಲ್ಲಿ ಚೆಲ್ಲುವುದು ಇಲ್ಲಿ ಉಳಿಸಿಕೊಳ್ಳುವುದಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ‘ಜಾಲಾಡು’ ಎಂಬ ಮಾತು ಇಂದಿಗೂ ‘ಬಿಡದೆ ಹುಡುಕು’ ಎಂಬ ಅರ್ಥದಲ್ಲಿ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ. ಕಪ್ಪತಗುಡ್ಡದ ಹಳ್ಳಗಳ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ‘ಜಲಗಾರರು’ ಎಂಬ ಹೆಸರಿತ್ತು. ಆದರೆ ಆ ಪದ ಇಂದು ಕಸ ಗುಡಿಸುವವರನ್ನೇ ಸೂಚಿಸುತ್ತದೆ. ಅದನ್ನು ಮರಳಿ ಚಿನ್ನಕ್ಕೆ ತರಲು ಸಾಧ್ಯವೇ?

ನನ್ನ ಸದ್ಯದ ಆಯ್ಕೆ ‘ಜಾಲುಚಿನ್ನ’, ‘ಜಾಲು ನಿಕ್ಷೇಪ’. ‘ಜಾಲ’ ಎಂದರೆ ಬಲೆ ಎಂದು ಓದುಗರು ದಾರಿ ತಪ್ಪಬಹುದು ಎಂಬ ಅಳುಕಿದೆ. ನಿಮಗೆ ಹೇಗೆ ಕೇಳಿಸುತ್ತದೆ?

‘ಗಣಿಗಾರಿಕೆ’ ಎಂಬುದೂ ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ಆ ನೆಲ ಸದಾ ಹೆಪ್ಪುಗಟ್ಟಿರುತ್ತದೆ. ಆ ಕಾಲದಲ್ಲಿ ರಾತ್ರಿ ಬೆಂಕಿ ಹಾಕಿ ನೆಲ ಕರಗಿಸುವುದು, ಬೆಳಗ್ಗೆ ಕರಗಿದಷ್ಟನ್ನು ಅಗೆದು ಮೇಲಕ್ಕೆತ್ತುವುದು, ತಳಬಂಡೆ ಸಿಗುವವರೆಗೆ ಹೀಗೇ. ಬೇಸಿಗೆಯಲ್ಲಾದರೆ ಗುಂಡಿಗೆ ನೀರು ನುಗ್ಗುತ್ತದೆ, ಅದಕ್ಕೇ ಚಳಿಗಾಲವಿಡೀ ಅಗೆತ. ವಸಂತದಲ್ಲಿ ಹಳ್ಳ ಹರಿಯತೊಡಗಿದ ಮೇಲೆ ರಾಶಿಯನ್ನೆಲ್ಲ ಮರದ ಉದ್ದನೆಯ ಕಾಲುವೆಯಲ್ಲಿ ಹಾಯಿಸಿ ಜಾಲಿಸುವುದು. ಆ ಕಾಲುವೆಗೆ ನಿಘಂಟು ‘ತೂಬು’ ಎನ್ನುತ್ತದೆ. ತೂಬು ನೀರನ್ನು ಬಿಡುವ, ತಡೆಯುವ ಬಾಗಿಲು. ಇಲ್ಲಿ ಅದು ಹೊಂದುವುದೇ ಇಲ್ಲ. ತಳದಲ್ಲಿ ಅಡ್ಡಪಟ್ಟಿಗಳಿರುವ ಇದನ್ನು ‘ಜಾಲುದೋಣಿ’ ಎಂದಿದ್ದೇನೆ. ನೀರು ಹರಿಸುವ ತೊಟ್ಟಿಗೂ ದೋಣಿ ಎನ್ನುತ್ತೇವಲ್ಲವೇ? ಹಳ್ಳದ ತಳವನ್ನೇ ಬಗೆದು ಜಾಲಿಸಲು ಮುಂದೆ ಬಂದ ಯಂತ್ರಗಳಿಗೆ ‘ಡ್ರೆಜ್ಜರ್’ ಎಂಬುದೇ ಇರಲಿ. ಬೊನಾಂಜಾದ ‘ನಾಲ್ಕನೇ ನಂಬರಿನ’ ಡ್ರೆಜ್ಜರ್ 1959ರವರೆಗೂ ಕೆಲಸ ಮಾಡಿತು, ಈಗಲೂ ಹಳ್ಳದ ಪಕ್ಕದಲ್ಲಿ ನಿಂತಿದೆ. ಆ ಪದಕ್ಕೆ ಬದಲಿ ಬೇಕೆಂದು ನನಗೇನೂ ಅನಿಸಿಲ್ಲ.

ಕೊನೆಯದಾಗಿ ಒಂದು ಪದ ಬೇಕೇ ಬೇಕು. ತಳಬಂಡೆಯ ಮೇಲೆ, ಅದರ ಬಿರುಕುಗಳೊಳಗೂ ಇಳಿದು, ಚಿನ್ನ ದಟ್ಟವಾಗಿ ಕೂತ ತೆಳು ಪದರವಿರುತ್ತದೆ. ಅಷ್ಟೆಲ್ಲ ಬೆಂಕಿ, ಅಗೆತ ಆ ಪದರಕ್ಕಾಗಿಯೇ. ‘ಚಿನ್ನದ ಪದರ’ ಎಂದರೆ ಹಾಳೆಯಂತೆ ಹಾಸಿದ ಚಿನ್ನ ಎಂದಾಗುತ್ತದೆ, ‘ಫಲವತ್ತಾದ ಪದರ’ ಎಂದರೆ ಹೊಲದ ಮಾತಾಗುತ್ತದೆ. ಬಾವಿ ತೋಡುವವರು, ಕಲ್ಲು ಒಡೆಯುವವರು, ಮರಳು ಸೋಸುವವರು ಹೀಗೆ ತಳದಲ್ಲಿ ಕೂತ ತೂಕದ ಪದರಕ್ಕೆ ಏನನ್ನುತ್ತಾರೆ? ಯಾವ ಸೀಮೆಯ ಮಾತಾದರೂ ಸರಿ, ಬಲ್ಲವರು ತಿಳಿಸಿ.