ಪದಚರ್ಚೆ: ‘ಮೋಡ ಕವಿದ ಕೊಳವೆ’ಗೆ ನಮ್ಮಲ್ಲಿ ಏನಂತಾರೆ? ಬಗ್ಗಡ, ಮಸುಕು, ಪೊರೆ, ಜಿಡ್ಡು, ಲೋಳೆ

ಗೆಳೆಯರೇ, ಒಂದೇ ಒಂದು ಪದ ಕೇಳೋಣ ಅಂತ ಶುರು ಮಾಡಿದೆ, ಬರೆಯುತ್ತಾ ಐದಾರಾಯಿತು. ಪುರುಸೊತ್ತು ಇರುವವರು ಪೂರ್ತಿ ಓದಿ. ಇಲ್ಲದವರು ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟರೂ ಸಾಕು.

ನಾನು ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅಕ್ಕನ ಮಗ ಹಾಸನದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ. ಫ್ಯಾನ್ ಶಬ್ದ ಜಾಸ್ತಿ ಅಂತ ಹೋದ ವರ್ಷ ಮಷಿನ್‌ಗೆ ವಾಟರ್ ಕೂಲಿಂಗ್ ಹಾಕಿಸಿಕೊಂಡ. ಚಿಪ್ ಮೇಲೆ ಒಂದು ತಾಮ್ರದ ಬ್ಲಾಕು, ಒಂದು ಪಂಪು, ಒಂದು ಟ್ಯಾಂಕು, ಒಂದು ರೇಡಿಯೇಟರ್, ಇವನ್ನೆಲ್ಲ ಸೇರಿಸುವ ಪಾರದರ್ಶಕ ಪೈಪು. ಒಳಗೆ ನೀಲಿ ನೀರು ಓಡುತ್ತಾ ಇದ್ದರೆ ನೋಡೋಕೆ ಚೆಂದ, ಅದು ನಿಜ. ಮೊನ್ನೆ ಅವನಿಂದ ಮೆಸೇಜ್ ಬಂತು: “ಮಾವ, ಮೋಡ ಕವಿದ ಕೊಳವೆಗಳನ್ನು ತಡೆಯುವುದು ಹೇಗೆ?”

ಆಷಾಢ ಮಾಸ. ಹೊರಗೆ ಮುಳ್ಳಯ್ಯನಗಿರಿಯೇ ಕಾಣದ ಹಾಗೆ ಮೋಡ ಕವಿದಿತ್ತು. ನಾನು ಇವನೇನೋ ಕಾಲೇಜಿನ ನಾಟಕಕ್ಕೆ ಪದ್ಯ ಬರೀತಿದ್ದಾನೆ ಅಂದುಕೊಂಡೆ. ಫೋನ್ ಮಾಡಿದರೆ ವಿಷಯ ಗೊತ್ತಾಯಿತು. ಯಾವುದೋ ಇಂಗ್ಲಿಷ್ ಪುಟವನ್ನು ಮೊಬೈಲ್ ಕನ್ನಡಕ್ಕೆ ತಿರುಗಿಸಿ ಕೊಟ್ಟಿದೆ, ಅದನ್ನೇ ಇವನು ನನಗೆ ಕಳಿಸಿದ್ದಾನೆ. ಸರಿ, ಏನಾಗಿದೆ ಹೇಳು ಅಂದೆ. “ಅದೇ ಮಾವ, ಕ್ಲೌಡಿ ಆಗಿದೆ.” ನೀರು ಆಗಿದೆಯೋ ಪೈಪು ಆಗಿದೆಯೋ? “ಗೊತ್ತಿಲ್ಲ, ಎಲ್ಲಾ ಕ್ಲೌಡಿ.”

ನನ್ನ ಪೇಚಾಟ ಇರುವುದು ಇಲ್ಲೇ. ಆ ಒಂದು ಇಂಗ್ಲಿಷ್ ಪದದ ಹೊಟ್ಟೆಯಲ್ಲಿ ಕಡಿಮೆ ಅಂದರೂ ನಾಲ್ಕು ಬೇರೆ ಬೇರೆ ಕಾಯಿಲೆ ಇವೆ, ಒಂದೊಂದಕ್ಕೂ ಮದ್ದು ಬೇರೆ. ನಮ್ಮ ಮನೆಮಾತಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಪದ ಮೊದಲೇ ಇದೆ ಅಂತ ನನ್ನ ಅನುಮಾನ. ತಪ್ಪಿದ್ದರೆ ತಿದ್ದಿ.

ಮೊದಲನೆಯದು ಬಗ್ಗಡ. ಕೆರೆಗೆ ಹೊಸ ನೀರು ಬಂದಾಗ ನೀರು ಬಗ್ಗಡ ಆಗುತ್ತದೆ. ಇಲ್ಲಿ ಕೆಟ್ಟಿರುವುದು ನೀರು, ಪೈಪಲ್ಲ. ಹೊಸ ರೇಡಿಯೇಟರ್ ಒಳಗೆ ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ಉಳಿದಿರುತ್ತದೆ. ಬಿಸಿನೀರು ಹಾಕಿ ಚೆನ್ನಾಗಿ ಕುಲುಕಿ ನಾಲ್ಕು ಸಲ ತೊಳೆಯದೆ ಜೋಡಿಸಿದರೆ ಅದೆಲ್ಲ ಕೂಲೆಂಟ್‌ಗೆ, ಅಂದರೆ ಒಳಗೆ ಓಡುವ ನೀರಿಗೆ, ಇಳಿಯುತ್ತದೆ. ಇನ್ನೊಂದು ಕಾರಣ, ಹಾಲಿನ ಹಾಗೆ ಗಟ್ಟಿ ಬಣ್ಣದ ಕೂಲೆಂಟ್‌ಗಳು. ಅವುಗಳಲ್ಲಿ ಬಣ್ಣ ನೀರಲ್ಲಿ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ, ಹಾಗಾಗಿ ಮಷಿನ್ ಕೆಲವು ದಿನ ಆಫ್ ಇದ್ದರೆ ಕಾಫಿ ಲೋಟದ ತಳದಲ್ಲಿ ಗಸಿ ಕೂತ ಹಾಗೆ ಅಲ್ಲಲ್ಲಿ ಕೂತುಬಿಡುತ್ತದೆ. ಬ್ಲಾಕಿನ ಒಳಗೆ ನೀರು ಹರಿಯುವ ಸಂದುಗಳು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಗಸಿ ಮೊದಲು ಕಟ್ಟುವುದು ಅಲ್ಲೇ. ಪರೀಕ್ಷೆ ಸುಲಭ: ಒಂದು ಗಾಜಿನ ಲೋಟಕ್ಕೆ ಬಗ್ಗಿಸಿ ರಾತ್ರಿ ಇಟ್ಟು ಬೆಳಿಗ್ಗೆ ನೋಡುವುದು.

ಎರಡನೆಯದು ಮಸುಕು. ನೀರು ತಿಳಿಯಾಗಿಯೇ ಇದೆ, ಪೈಪಿನ ಮೈಯೇ ಹಾಲುಬಣ್ಣಕ್ಕೆ ತಿರುಗಿದೆ. ಮೆತ್ತನೆಯ ಪಿವಿಸಿ ಪೈಪು ತಿಂಗಳುಗಟ್ಟಲೆ ನೀರಲ್ಲಿದ್ದರೆ ಸ್ವಲ್ಪ ಸ್ವಲ್ಪ ನೀರು ಹೀರುತ್ತದೆ. ಅದರಿಂದ ಬರುವ ಮಸುಕು ಇದು. ಹೊರಗೆ ತೆಗೆದು ಒಣಗಿಸಿದರೆ ಮತ್ತೆ ತಿಳಿಯಾಗುತ್ತದೆ. ಇದರಿಂದ ಮಷಿನ್‌ಗೆ ಏನೂ ತೊಂದರೆ ಇಲ್ಲ, ಕಣ್ಣಿಗೆ ಮಾತ್ರ. ಇದಕ್ಕೆ ‘ಮಬ್ಬು’ ಅನ್ನಬಹುದಾ ಅಂತಲೂ ಯೋಚಿಸಿದೆ. ನಮ್ಮ ಕಡೆ ಮಬ್ಬು ಅಂದರೆ ಬೆಳಕು ಕಡಿಮೆ ಇರುವುದು, ಇಲ್ಲಾ ನಿದ್ದೆಯ ಮಂಪರು. ಕನ್ನಡಿ, ಅಕ್ಷರ, ಫೋಟೋ ಇವೆಲ್ಲ ಮಸುಕಾಗುತ್ತವೆ. ಪೈಪನ್ನು ನಾನು ಆ ಗುಂಪಿಗೆ ಸೇರಿಸುತ್ತೇನೆ.

ಮೂರನೆಯದು ಪೊರೆ. ಈ ಪದ ನನಗೆ ಸಿಕ್ಕಿದ್ದು ನಮ್ಮ ಮನೆಯ ಗಾರೆ ಮೇಸ್ತ್ರಿಯಿಂದ. ಮಟ್ಟ ನೋಡಲು ಅವರ ಹತ್ತಿರ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಇರುತ್ತದಲ್ಲ, ಲೆವೆಲ್ ಪೈಪು, ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ “ಇದಕ್ಕೆ ಪೊರೆ ಬಂದುಬಿಟ್ಟಿದೆ ಸಾರ್, ಹೊಸದು ತರಿಸಿ” ಅಂದರು. ವಯಸ್ಸಾದವರ ಕಣ್ಣಿಗೆ ಬರುವ ಪೊರೆ! ಎಷ್ಟು ಸರಿಯಾದ ಮಾತು ನೋಡಿ. ನೀರೂ ಚೆನ್ನಾಗಿದೆ, ಪೈಪೂ ಚೆನ್ನಾಗಿದೆ, ನಡುವೆ ಒಂದು ತೆಳುವಾದ ಪದರ ಬೆಳೆದಿದೆ.

ಈ ಪೊರೆಯಲ್ಲೂ ಎರಡು ಜಾತಿ. ಬೆರಳು ಹಾಕಿದರೆ ಗೊತ್ತಾಗುತ್ತದೆ. ಬೆಂಡೆಕಾಯಿ ಹೆಚ್ಚಿದ ಹಾಗೆ ಜಾರಿದರೆ ಅದು ಲೋಳೆ, ಅಂದರೆ ಜೀವ ಇರುವಂಥದ್ದು, ಬ್ಯಾಕ್ಟೀರಿಯಾ ಕಟ್ಟಿಕೊಂಡ ಪದರ. ಹಸಿರಿದ್ದರೆ ಪಾಚಿ. ಅದಕ್ಕೆ ಬೆಳಕೂ ಬೇಕು, ಹಾಗಾಗಿ ಕಿಟಕಿ ಪಕ್ಕದ ಮಷಿನ್‌ನಲ್ಲಿ ಜಾಸ್ತಿ. ಎಣ್ಣೆ ಪಾತ್ರೆ ಮುಟ್ಟಿದ ಹಾಗೆ ಅಂಟಿದರೆ ಅದು ಜಿಡ್ಡು. ಜಿಡ್ಡು ಬಂದಿದ್ದು ಪೈಪಿನ ಒಳಗಿಂದಲೇ. ಪಿವಿಸಿ ಹುಟ್ಟಾ ಗಟ್ಟಿ, ಗೋಡೆಯ ನೀರಿನ ಪೈಪಿನ ಹಾಗೆ. ಅದನ್ನು ಬಗ್ಗುವ ಹಾಗೆ ಮಾಡಲು ಥ್ಯಾಲೇಟ್‌ನಂಥ ಎಣ್ಣೆ ಜಾತಿಯ ವಸ್ತು ಬೆರೆಸುತ್ತಾರೆ, ತೂಕದಲ್ಲಿ ಮೂರನೇ ಒಂದು ಪಾಲಿನಷ್ಟೂ ಇರಬಹುದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವ ಪೈಪು ಮೆತ್ತಗಿರುವುದೂ ಸಾಮಾನ್ಯವಾಗಿ ಇದರಿಂದಲೇ. ಬಿಸಿ ನೀರು ದಿನಾ ಓಡುತ್ತಾ ಇದ್ದರೆ ಈ ಎಣ್ಣೆ ಮೆಲ್ಲಗೆ ಹೊರಗೆ ಬಂದು ನೀರಿಗೆ ಸೇರಿ ಬಿಳಿ ಪೇಸ್ಟಾಗಿ ಕೂರುತ್ತದೆ, ಮತ್ತೆ ಅದೇ ಬ್ಲಾಕಿನ ಸಂದಿಗೆ ಹೋಗಿ ಕಟ್ಟುತ್ತದೆ.

ಹಾಗೆ ಹೊರಗೆ ಬರುವುದಕ್ಕೆ ಕ್ರಿಯಾಪದ ಯಾವುದು? ‘ಸೋರು’ ಅಂದರೆ ಗಿರಾಕಿ ಗಾಬರಿಯಾಗಿ ನೀರು ಬೋರ್ಡ್ ಮೇಲೆ ಬಿತ್ತಾ ಅಂತಾನೆ. ‘ಒಸರು’ ಅಂದರೆ ಹೊರಮೈಯಲ್ಲಿ ಹನಿ ಕಾಣಬೇಕು. ಪುಸ್ತಕದ ‘ನಿಕ್ಷಾಲನ’ವನ್ನು ನನ್ನ ಅಂಗಡಿಯಲ್ಲಿ ಯಾರೂ ಬಾಯಲ್ಲಿ ಹಾಕಿಕೊಳ್ಳುವುದಿಲ್ಲ. ನಮ್ಮಮ್ಮನಿಗೆ ವಿಷಯ ವಿವರಿಸಿದೆ. ಅವರು ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ, “ಹೊಸ ಸೀರೆ ಬಣ್ಣ ಬಿಡಲ್ವಾ, ಹಂಗೆ ಪೈಪು ಎಣ್ಣೆ ಬಿಡ್ತಿದೆ” ಅಂದರು. ಮುಗೀತು. ‘ಬಿಡು’ವೇ ಸಾಕು, ಅಲ್ವಾ? ಪೈಪು ಜಿಡ್ಡು ಬಿಟ್ಟಿದೆ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ.

ಸರಿ, ಹುಡುಗನ ಮಷಿನ್ ವಿಷಯ. ಭಾನುವಾರ ಹಾಸನಕ್ಕೆ ಹೋಗಿ ಬಿಚ್ಚಿದೆ. ಲೋಟದ ನೀರಲ್ಲಿ ಗಸಿ ಇರಲಿಲ್ಲ, ಅಂದರೆ ಬಗ್ಗಡ ಅಲ್ಲ. ನಾಲ್ಕು ಬೆರಳುದ್ದ ಪೈಪು ಕತ್ತರಿಸಿ ಮನೆಗೆ ತಂದೆ. ಈ ಮಳೆಯಲ್ಲಿ ನಮ್ಮೂರಲ್ಲಿ ಟವೆಲೇ ಮೂರು ದಿನ ಒಣಗುವುದಿಲ್ಲ, ಹಾಗಾಗಿ ತುಂಡನ್ನು ಫ್ರಿಜ್ ಹಿಂದೆ ಬೆಚ್ಚಗಿರುವ ಕಡೆ ಇಟ್ಟೆ. ಎರಡು ದಿನಕ್ಕೆ ಮುಕ್ಕಾಲು ಪಾಲು ಮಸುಕು ಹೋಗಿತ್ತು. ಉದ್ದಕ್ಕೆ ಸೀಳಿ ಒಳಗೆ ಬೆರಳು ಆಡಿಸಿದರೆ ಉಳಿದದ್ದು ಬೆರಳಿಗೆ ಬಂತು. ವಾಸನೆ ಇಲ್ಲ, ಜಾರುವುದಿಲ್ಲ, ಹಳೇ ಮೇಣದಂಥ ಜಿಡ್ಡು. ಬ್ಲಾಕಿನ ಒಳಗೂ ಅದೇ, ದೋಸೆ ಹಿಟ್ಟು ಒಣಗಿ ಹಿಡಿದ ಹಾಗೆ. ಅಂದರೆ ಅವನಿಗೆ ಆಗಿದ್ದು ಮಸುಕು ಮತ್ತು ಜಿಡ್ಡು ಎರಡೂ. ಇವನು ಲೋಳೆ ಅಂದುಕೊಂಡು ಔಷಧಿ ಮೇಲೆ ಔಷಧಿ ಹಾಕುತ್ತಿದ್ದ. ಜಿಡ್ಡಿಗೆ ಔಷಧಿ ಏನು ಮಾಡುತ್ತದೆ?

ಅಂದಹಾಗೆ ಒಬ್ಬರು “ಚಳಿಗೆ ಪೈಪು ಬೆವರಿರಬೇಕು” ಅಂದರು. ಬೆವರುವುದಿಲ್ಲ. ಇಂಥ ಮಷಿನ್‌ನ ನೀರು ಕೋಣೆಯ ಗಾಳಿಗಿಂತ ಯಾವಾಗಲೂ ತುಸು ಬಿಸಿಯೇ. ತಣ್ಣಗಿನ ಲೋಟ ಮಾತ್ರ ಬೆವರುವುದು.

ಇಲ್ಲಿಂದ ಕೂಲೆಂಟ್ ಪದಕ್ಕೆ ಬರುತ್ತೇನೆ. ಪಠ್ಯಪುಸ್ತಕದಲ್ಲಿ ‘ಶೀತಕ’. ನನಗೆ ಒಗ್ಗುವುದಿಲ್ಲ. ನಮ್ಮ ಮನೆಗಳಲ್ಲಿ ಎಳನೀರು ತಂಪು, ಮಜ್ಜಿಗೆ ತಂಪು. ರಾತ್ರಿ ಸೀಬೆಹಣ್ಣು ತಿಂದರೆ ಶೀತ. ತಂಪು ಒಳ್ಳೆಯದು, ಶೀತ ಮೂಗು ಸೋರಿಸುವಂಥದ್ದು. ಅದು ಹೋಗಲಿ ಅಂದರೆ ಇನ್ನೊಂದು ತೊಂದರೆ, ಇಂಗ್ಲಿಷ್ ಪದದಲ್ಲೂ ಇದೆ. ಹೆಸರು ಕೇಳಿದವರು ಆ ದ್ರವವೇ ತಣ್ಣಗೆ ಮಾಡುತ್ತದೆ ಅಂದುಕೊಳ್ಳುತ್ತಾರೆ. ನಮ್ಮ ಹುಡುಗನೂ ದುಬಾರಿ ಬಾಟಲಿ ಹಾಕಿದರೆ ಹತ್ತು ಡಿಗ್ರಿ ಇಳಿಯುತ್ತೆ ಅಂತ ಕಾದು ಕೂತಿದ್ದ. ಬಿಸಿ ಹೊರುವುದರಲ್ಲಿ ಬರೀ ನೀರನ್ನು ಮೀರಿಸುವ ಕೂಲೆಂಟ್ ಅಂಗಡಿಯಲ್ಲಿ ಇಲ್ಲ. ಗ್ಲೈಕಾಲ್ ಬೆರೆಸಿದಷ್ಟೂ ಆ ಶಕ್ತಿ ಸ್ವಲ್ಪ ಕಡಿಮೆಯೇ ಆಗುತ್ತದೆ. ಗ್ಲೈಕಾಲ್ ಮತ್ತು ಬೇರೆ ಮದ್ದು ಬೆರೆಸುವುದು ಲೋಳೆ ಮತ್ತು ಕಿಲುಬು ತಡೆಯಲು. ನೀರು ಸುಮ್ನೆ ಸುತ್ತುತ್ತಾ ಚಿಪ್‌ನ ಬಿಸಿಯನ್ನು ಹೊತ್ತುಕೊಂಡು ಹೋಗಿ ರೇಡಿಯೇಟರ್‌ನಲ್ಲಿ ಇಳಿಸಿ ಬರುತ್ತದೆ, ಎಸ್ಟೇಟ್ ಲಾರಿಯ ಹಾಗೆ. ಹಾಗಾಗಿ ‘ಸುತ್ತುನೀರು’ ಅಂದರೆ ಹೇಗೆ? ನಗಬೇಡಿ. ‘ಕೂಲೆಂಟ್’ ಬಿಡಬೇಕು ಅಂತ ನನಗೇನೂ ಹಟ ಇಲ್ಲ, ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಇದೆ.

ಗ್ಯಾರೇಜ್ ಅಂದೆನಲ್ಲ, ಕಾರಿನ ಹಸಿರು ಕೂಲೆಂಟ್ ಹಾಕಬಹುದಾ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಬೇಡ ಅಂತೀನಿ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಬೇರೆ ಸಿಹಿ. ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

‘ಕಿಲುಬು’ ಅಂತ ಯಾಕೆ ಬರೆದೆ, ‘ತುಕ್ಕು’ ಅಂತ ಯಾಕಲ್ಲ ಅಂತ ಕೇಳುವವರು ಇರುತ್ತಾರೆ. ತುಕ್ಕು ಕಬ್ಬಿಣಕ್ಕೆ. ತಾಮ್ರ ಹಿತ್ತಾಳೆಗೆ ಕಿಲುಬು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಗೊತ್ತಾಗುತ್ತದೆ. ತಾಮ್ರದ ಬ್ಲಾಕಿಗೆ ನಿಕ್ಕಲ್ ಲೇಪ ಕೊಡುವುದೂ ಹೆಚ್ಚುಕಡಿಮೆ ಕಲಾಯಿ ಹಾಕಿಸಿದ ಹಾಗೇ. ಆದರೆ ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ. ಅದಕ್ಕೆ ಕನ್ನಡದಲ್ಲಿ ಹೆಸರಿದೆಯಾ? ನಾನು ‘ತಿಂದುಹೋಗಿದೆ’ ಅಂತ ಬಿಲ್ಲಿನಲ್ಲಿ ಬರೆಯುತ್ತೇನೆ.

ಇನ್ನು ಮಷಿನ್‌ಗೆ ಹಾಕುವ ‘ಬಟ್ಟಿ ಇಳಿಸಿದ ನೀರು’. ಸರಿಯಾದ ಪದವೇ, ಆದರೆ ಗಿರಾಕಿಗೆ ಹೇಳಿದರೆ ಮೊದಲು ನಗುತ್ತಾರೆ, ಬಟ್ಟಿ ಅಂದ ಕೂಡಲೇ ಕಳ್ಳಬಟ್ಟಿಯೇ ನೆನಪಿಗೆ ಬರುವುದು. ಅಂಗಡಿಯಲ್ಲಿ ‘ಬ್ಯಾಟರಿ ನೀರು’ ಅಂದರೆ ಸಿಗುತ್ತದೆ, ಯುಪಿಎಸ್‌ಗೆ ಹಾಕುವುದು. ಆಸಿಡ್ ಬಾಟಲಿ ಅದರ ಪಕ್ಕದಲ್ಲೇ ಇರುತ್ತದೆ, ಲೇಬಲ್ ಓದಿ ತನ್ನಿ. ನಲ್ಲಿ ನೀರು, ಬೋರ್ ನೀರು ಮುಟ್ಟಲೇಬೇಡಿ, ಗೀಸರ್ ಕಾಯಿಲ್‌ಗೆ ಉಪ್ಪು ಕಟ್ಟುವ ಹಾಗೆ ಬ್ಲಾಕಿಗೂ ಕಟ್ಟುತ್ತದೆ.

ಲೋಳೆಗೆ ಹಾಕುವ ‘ಔಷಧಿ’ಯ ಕಥೆ ನಮ್ಮ ಜಿಲ್ಲೆಯವರಿಗೆ ಮಜಾ ಅನ್ನಿಸಬಹುದು. ಹಳೇ ಪದ್ಧತಿಯಲ್ಲಿ ಹಾಕುತ್ತಿದ್ದ ಹನಿಗಳಲ್ಲಿ ಒಂದು ತಾಮ್ರದ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತ! ಮಳೆಗಾಲಕ್ಕೆ ಮೊದಲು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಬೋರ್ಡೋ ದ್ರಾವಣ ಕಲಸಿ ಅಡಿಕೆಗೆ, ಕಾಫಿಗೆ ಹೊಡೆಯುತ್ತೇವಲ್ಲ, ಅದೇ. ಇದನ್ನು ಹೇಳಿದ್ದೇ ತಪ್ಪಾಯಿತು, ತೋಟ ಇರುವ ಗಿರಾಕಿಯೊಬ್ಬರು “ಹಂಗಾದ್ರೆ ಗೋಡೌನಲ್ಲೇ ಇದೆ” ಅಂದರು. ದಯವಿಟ್ಟು ಬೇಡ. ಹನಿ ಲೆಕ್ಕದ್ದನ್ನು ಚಮಚದಲ್ಲಿ ಹಾಕಿದರೆ, ಅದರಲ್ಲೂ ಎಲ್ಲಾದರೂ ಅಲ್ಯೂಮಿನಿಯಂ ಇದ್ದರೆ, ಅದರ ಮೇಲೆ ತಾಮ್ರ ಕೂತು ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಕಿಲುಬು, ಲೋಳೆ ಎರಡಕ್ಕೂ ಮದ್ದು ಮೊದಲೇ ಬೆರೆತಿರುವ, ಬಣ್ಣವಿಲ್ಲದ ಕೂಲೆಂಟ್ ಹಾಕು, ವರ್ಷಕ್ಕೊಮ್ಮೆ ಬದಲಿಸು, ಮಷಿನ್ ಬಿಸಿಲಿಗೆ ಇಡಬೇಡ, ಪೈಪು ಕಪ್ಪು ಇಪಿಡಿಎಂ ರಬ್ಬರ್ ಹಾಕು, ಅದು ಈ ಥರ ಜಿಡ್ಡು ಬಿಡುವುದಿಲ್ಲ. “ಕಾಣದೇ ಇದ್ರೆ ಯಾಕೆ ಹಾಕಿಸಬೇಕು ಮಾವ?” ಅಂದ. ಅದೂ ಸರಿ. ಕೊನೆಗೆ ಗಟ್ಟಿ ಅಕ್ರಿಲಿಕ್ ಪೈಪಿಗೆ ಒಪ್ಪಿದ. ಗಟ್ಟಿ ಪೈಪಿಗೆ ಮೆತ್ತಗೆ ಮಾಡುವ ಎಣ್ಣೆಯೇ ಬೇಡ, ಹಾಗಾಗಿ ಬಿಡುವುದಕ್ಕೂ ಏನೂ ಇಲ್ಲ. ಅಕ್ರಿಲಿಕ್‌ನ್ನು ಸ್ಪಿರಿಟ್‌ನಲ್ಲಿ ಒರೆಸಬೇಡ ಅಂತ ಎರಡೆರಡು ಸಲ ಹೇಳಿದೆ, ಒರೆಸಿದರೆ ಕೂದಲಿನಂಥ ಬಿರುಕು ಏಳುತ್ತದೆ.

ಈಗ ಪ್ರಶ್ನೆ. ಗಿರಾಕಿಗಳಿಗೆ ಕೊಡಲು ಒಂದು ಪುಟದ ಚೀಟಿ ಮಾಡುತ್ತಿದ್ದೇನೆ. ಬಗ್ಗಡ, ಮಸುಕು, ಲೋಳೆ, ಜಿಡ್ಡು ಅಂತ ನಾಲ್ಕು ಸಾಲು, ಪಕ್ಕದಲ್ಲಿ ಏನು ಮಾಡಬೇಕು ಅಂತ. ಈ ಪದಗಳು ಮಂಡ್ಯ, ಶಿವಮೊಗ್ಗ, ಧಾರವಾಡ ಕಡೆಯವರಿಗೂ ಇದೇ ಅರ್ಥ ಕೊಡುತ್ತವಾ? ‘ಬಗ್ಗಡ’ಕ್ಕೆ ಕೆಲವರು ‘ರಾಡಿ’ ಅಂತಾರೆ. ನನಗೆ ರಾಡಿ ಅಂದರೆ ಕೆಸರೇ ಕಣ್ಣಿಗೆ ಬರುತ್ತದೆ. ಲೆವೆಲ್ ಪೈಪಿಗೆ ‘ಪೊರೆ’ ಬಂತು ಅನ್ನುವುದನ್ನು ಬೇರೆ ಊರಿನ ಮೇಸ್ತ್ರಿಗಳಿಂದ ಯಾರಾದರೂ ಕೇಳಿದ್ದೀರಾ, ಅಥವಾ ನಮ್ಮ ಮೇಸ್ತ್ರಿ ಒಬ್ಬರದೇ ಮಾತಾ?

ಇನ್ನೊಂದು, ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು. ಪಿವಿಸಿಯನ್ನು ಮೆತ್ತಗೆ ಮಾಡುವ ಆ ಎಣ್ಣೆಗೆ ಒಂದು ಹೆಸರು ಬೇಕು. ‘ಮೆದುಕ’ ಅಂದರೆ ಮೆದುಳು ಅಂತ ಓದುತ್ತಾರೆ, ‘ಮೆತ್ತೆಣ್ಣೆ’ ಅಂದರೆ ಮೆಂತ್ಯದ ಎಣ್ಣೆ ಅಂತ ಅಕ್ಕ ನಕ್ಕಳು. ಚೀಟಿಯಲ್ಲಿ ಆ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ಪ್ರಿಂಟಿಗೆ ಶನಿವಾರ ಕೊಡುತ್ತೇನೆ.