ಟೆಸ್ಟ್ ಪಾಯಿಂಟ್‌ಗೆ ಜಾಗ ಎಲ್ಲಿಂದ ತರೋದು? ಬೋರ್‌ವೆಲ್ ಸ್ಟಾರ್ಟರ್ ಬೋರ್ಡಿನ ಪ್ರಶ್ನೆ

ಪ್ರಶ್ನೆ: ಮೇಡಂ, ಮೊಬೈಲ್‌ನಿಂದ ಬೋರ್‌ವೆಲ್ ಮೋಟರ್ ಆನ್-ಆಫ್ ಮಾಡುವ ಕಂಟ್ರೋಲರ್ ಮಾಡ್ತಿದ್ದೀವಿ. ನಾಲ್ಕು ಲೇಯರ್ ಬೋರ್ಡು, ಸುಮಾರು 140 ನೆಟ್ (ತಾಮ್ರದ ಗೆರೆಯಿಂದ ಒಂದಕ್ಕೊಂದು ಕೂಡಿದ ಬಿಂದುಗಳ ಗುಂಪು). ರೂಟಿಂಗ್ (ಗೆರೆ ಎಳೆಯೋ ಕೆಲಸ) ಎಲ್ಲ ಮುಗಿಸಿ ಬೋರ್ಡು ಕೂರಿಸಿ ಟೆಸ್ಟ್ ಮಾಡೋ ಫಿಕ್ಸ್ಚರ್ ಮಾಡುವವರಿಗೆ ಫೈಲ್ ಕಳಿಸಿದ್ರೆ, 46 ನೆಟ್‌ಗೆ ಪ್ರೋಬ್ (ಸ್ಪ್ರಿಂಗ್ ಇರೋ ಟೆಸ್ಟ್ ಸೂಜಿ) ಇಡೋಕೆ ಜಾಗವೇ ಇಲ್ಲ, ಕೆಲವು ಪ್ಯಾಡ್ (ಪ್ರೋಬ್ ತಾಗೋ ತಾಮ್ರದ ಬಿಲ್ಲೆ) ತೀರಾ ಹತ್ತಿರ ಇವೆ ಅಂತ ವಾಪಸ್ ಕಳಿಸಿದ್ದಾರೆ. ಬೋರ್ಡಿನ ಅಳತೆ ದೊಡ್ಡದು ಮಾಡೋ ಹಾಗಿಲ್ಲ, ಡಬ್ಬಿಯ ಅಚ್ಚು ಆಗಲೇ ಬಂದಿದೆ. ವಯಾಗಳ (ಲೇಯರ್‌ಗಳನ್ನು ಜೋಡಿಸೋ ಸಣ್ಣ ತೂತು) ಮೇಲೆ, ಐಸಿ ಕಾಲುಗಳ ಮೇಲೆ ಪ್ರೋಬ್ ಕೂರಿಸಿದ್ರೆ ನಡೆಯುತ್ತಾ?

ಉತ್ತರ: ಐಸಿ ಕಾಲಿನ ಮೇಲಂತೂ ಬೇಡವೇ ಬೇಡ. ಬೆಸುಗೆ ಹಿಡಿಯದ ಕಾಲನ್ನು ಪ್ರೋಬ್ ಒತ್ತಿದಾಗ ಅದು ಪ್ಯಾಡಿಗೆ ತಾಗಿ ಟೆಸ್ಟ್ ಪಾಸ್ ಆಗುತ್ತದೆ. ಫಿಕ್ಸ್ಚರಿನಿಂದ ಎತ್ತಿದ ಕೂಡಲೇ ಮತ್ತೆ ಓಪನ್. ಯಾವ ದೋಷ ಹಿಡಿಯಬೇಕಿತ್ತೋ ಅದನ್ನೇ ಮುಚ್ಚಿದಂತಾಯಿತು.

ವಯಾ ಬಗ್ಗೆ: ಮಾಸ್ಕ್ (ಬೋರ್ಡಿನ ಮೇಲಿನ ಬಣ್ಣದ ಲೇಪ) ಮುಚ್ಚಿದ್ದರೆ ಪ್ರೋಬ್ ತಾಗುವುದಿಲ್ಲ. ತೂತು ತೆರೆದಿದ್ದರೆ ಗಾಳಿ ಎಳೆದು ಬೋರ್ಡನ್ನು ಒತ್ತಿ ಹಿಡಿಯುವ ವ್ಯಾಕ್ಯೂಮ್ ಫಿಕ್ಸ್ಚರಿನಲ್ಲಿ ಗಾಳಿ ಸೋರುತ್ತದೆ. ಪಕ್ಕದಲ್ಲೊಂದು ಗುಂಡು ಪ್ಯಾಡ್ ಹಾಕುವುದೇ ಲೇಸು. 1 ಮಿ.ಮೀ. ವ್ಯಾಸ ಇದ್ದರೆ ಚೆನ್ನ, ಜಾಗ ಬಿಗಿ ಇದ್ದಲ್ಲಿ 0.8ಕ್ಕೆ ಇಳಿಸಿ. ಮಧ್ಯದಿಂದ ಮಧ್ಯಕ್ಕೆ 2.54 ಮಿ.ಮೀ. ಸಿಕ್ಕಿದರೆ ಗಟ್ಟಿಯಾದ 100 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ಪ್ರೋಬ್ ಬಳಸಬಹುದು. 1.27ಕ್ಕೆ ಇಳಿದರೆ 50 ಮಿಲ್ ಪ್ರೋಬ್ ಬೇಕು. ಅದು ಸಣಕಲು, ಬೇಗ ಬಾಗುತ್ತದೆ, ಬೆಲೆಯೂ ಜಾಸ್ತಿ.

ಆ 46 ನೆಟ್‌ಗಳ ಪಟ್ಟಿ ಹಿಡಿದು ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬೋರ್ಡಿನಲ್ಲಿ ರಿಲೇ, ಟ್ರಾನ್ಸ್‌ಫಾರ್ಮರ್, ಟರ್ಮಿನಲ್ ಬ್ಲಾಕ್ ಎಲ್ಲ ತೂತಿನಲ್ಲಿ ಕೂರುವಂಥವು. ಅವುಗಳ ಕಾಲು ಕೆಳಬದಿಯಲ್ಲಿ ಬೆಸುಗೆ ಸಮೇತ ಹೊರಗೇ ಇರುತ್ತದೆ. ಬಟ್ಟಲು ತುದಿಯ ಪ್ರೋಬ್ ಹಾಕಿದರೆ ಆ ನೆಟ್‌ಗಳಿಗೆ ಬೇರೆ ಪ್ಯಾಡ್ ಬೇಡ. ಎರಡು ರೆಸಿಸ್ಟರ್ ಸರಣಿಯಲ್ಲಿದ್ದು ನಡುವಿನ ನೆಟ್ ಬೇರೆಲ್ಲೂ ಹೋಗದಿದ್ದರೆ ಎರಡನ್ನೂ ಸೇರಿಸಿ ಅಳೆಯಿರಿ. ಕ್ರಿಸ್ಟಲ್ ಕಾಲಿಗೆ ಪ್ಯಾಡ್ ಹಾಕಬೇಡಿ, ಹೆಚ್ಚುವರಿ ಕೆಪಾಸಿಟೆನ್ಸ್‌ಗೆ ಫ್ರೀಕ್ವೆನ್ಸಿ ಸರಿಯುತ್ತದೆ. ಆಂಟೆನಾದ 50 ಓಮ್ ಗೆರೆಯನ್ನೂ ಬಿಟ್ಟುಬಿಡಿ. ಇಷ್ಟಕ್ಕೇ ಪಟ್ಟಿ ಸಾಕಷ್ಟು ಕರಗುತ್ತದೆ. ಗ್ರೌಂಡ್ ಮತ್ತು ಸಪ್ಲೈಗೆ ಮಾತ್ರ ಕಂಜೂಸಿ ಬೇಡ, ಬೋರ್ಡಿನ ತುಂಬ ಹರಡಿ ಹಲವು ಕಡೆ ಕೊಡಿ.

ರೀಸೆಟ್, ಎನೇಬಲ್ ಪಿನ್ನುಗಳನ್ನು 3.3 ವೋಲ್ಟಿಗೋ ಗ್ರೌಂಡಿಗೋ ನೇರ ಕಟ್ಟಿದ್ದರೆ ಬಿಡಿಸಿ, ನಡುವೆ ಒಂದು ರೆಸಿಸ್ಟರ್ ಹಾಕಿ. ಇಲ್ಲದಿದ್ದರೆ ಪ್ರೋಬ್ ತಾಗಿದರೂ ಟೆಸ್ಟರ್ ಆ ಪಿನ್ನಿನ ವೋಲ್ಟೇಜನ್ನು ಮೇಲೆ-ಕೆಳಗೆ ಮಾಡಲಾರದು.

ಪ್ರಶ್ನೆ: ಧನ್ಯವಾದ ಮೇಡಂ. ಬಲಗಡೆ ಮೂಲೆಯಲ್ಲಿ ಒಂದಿಷ್ಟು ಖಾಲಿ ಜಾಗ ಇದೆ. ಉಳಿದ ಪ್ಯಾಡ್ ಎಲ್ಲ ಅಲ್ಲೇ ಸಾಲಾಗಿ ಜೋಡಿಸಿಬಿಡಲಾ? ನೋಡೋಕೂ ನೀಟು.

ಉತ್ತರ: ದಯವಿಟ್ಟು ಬೇಡ. ನಾನು ಬೋರ್ಡ್ ನೋಡುವಾಗ ಹೆಚ್ಚು ಗಮನ ಕೊಡುವುದು ಇಲ್ಲೇ. ಒಂದು ಪ್ರೋಬಿನ ಸ್ಪ್ರಿಂಗ್ ಸುಮಾರು 200 ಗ್ರಾಂ ಬಲದಿಂದ ಒತ್ತುತ್ತದೆ ಅಂದುಕೊಳ್ಳಿ. 120 ಪ್ರೋಬಿಗೆ 24 ಕೆ.ಜಿ. ಕೆಳಗಿಂದ ಅಷ್ಟು ಬಲ ಒಂದೇ ಮೂಲೆಗೆ ಬಿದ್ದು, ಬೋರ್ಡನ್ನು ಮೇಲಿಂದ ಒತ್ತಿ ಹಿಡಿಯುವ ಪುಷರ್ ಕಡ್ಡಿ ಅದರ ಎದುರಿಗಿಲ್ಲದಿದ್ದರೆ ಬೋರ್ಡು ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಹತ್ತಿರದ ಸೆರಾಮಿಕ್ ಕೆಪಾಸಿಟರ್ ಬಿರುಕು ಬಿಡಬಹುದು. 1206, 1210 ಸೈಜಿನಂಥ ದೊಡ್ಡವಕ್ಕೆ ಅಪಾಯ ಜಾಸ್ತಿ. ಬಿರುಕು ಶುರುವಾಗುವುದು ಬೆಸುಗೆಯ ಅಂಚಿನಲ್ಲಿ, ಕೆಳಗಡೆಯಿಂದ. ಮೇಲಿಂದ ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ. ಅವತ್ತು ಟೆಸ್ಟ್ ಪಾಸ್ ಆಗುತ್ತದೆ. ತೋಟದ ಪೆಟ್ಟಿಗೆಯೊಳಗೆ ಒಂದು ಮಳೆಗಾಲ ಕಳೆದು ತೇವ ಒಳಗಿಳಿದ ಮೇಲೆ ಲೀಕ್, ಆಮೇಲೆ ಶಾರ್ಟ್. ಆಗ ರೈತನ ಮೋಟರ್ ನಿಲ್ಲುತ್ತದೆ, ಪೈರಿಗೆ ನೀರಿಲ್ಲ. ಫಿಕ್ಸ್ಚರನ್ನು ಯಾರೂ ಅನುಮಾನಿಸುವುದಿಲ್ಲ.

ಪ್ಯಾಡುಗಳನ್ನು ಬೋರ್ಡಿನ ಕೆಳಬದಿಯ ಉದ್ದಗಲಕ್ಕೂ ಹರಡಿ. ಪುಷರ್ ಇಳಿಯಲು ಮೇಲ್ಬದಿಯಲ್ಲಿ ಅಲ್ಲಲ್ಲಿ ಬರಿ ಜಾಗ ಬಿಡಿ. ಅಂಚಿನಿಂದ 3 ಮಿ.ಮೀ. ಒಳಗಿರಲಿ. ಫಿಕ್ಸ್ಚರ್ ತಯಾರಾದ ಮೇಲೆ ಒಂದು ಬೋರ್ಡಿಗೆ ಸ್ಟ್ರೇನ್ ಗೇಜ್ (ಎಷ್ಟು ಬಾಗುತ್ತದೆ ಎಂದು ಅಳೆಯುವ ಪಟ್ಟಿ) ಅಂಟಿಸಿ ಅಳೆದು ತೋರಿಸಿ ಎಂದು ಕೇಳಿ, ಇದು ನಿಮ್ಮ ಹಕ್ಕು.

ಕರ್ಣದ ಎರಡು ಮೂಲೆಗಳಲ್ಲಿ ಬೋರ್ಡನ್ನು ಫಿಕ್ಸ್ಚರಿನ ಗೂಟಕ್ಕೆ ಕೂರಿಸುವ ಟೂಲಿಂಗ್ ತೂತು ಇದೆಯಾ ನೋಡಿ. ಒಳಗೆ ಪ್ಲೇಟಿಂಗ್ (ಲೋಹದ ಲೇಪ) ಇರಬಾರದು, ಪ್ಲೇಟಿಂಗಿನಿಂದ ತೂತಿನ ಅಳತೆ ಹೆಚ್ಚುಕಡಿಮೆ ಆಗಿ ಪ್ರೋಬ್ ಗುರಿ ತಪ್ಪುತ್ತದೆ. ಬೋರ್ಡಿನ ಫಿನಿಶ್ (ತಾಮ್ರದ ಮೇಲಿನ ರಕ್ಷಣೆಯ ಲೇಪ) ಯಾವುದು ಹೇಳಿ?

ಪ್ರಶ್ನೆ: ಓಎಸ್‌ಪಿ, ಮೇಡಂ. ಅಗ್ಗ ಅಂತ.

ಉತ್ತರ: ಹಾಗಿದ್ದರೆ ಟೆಸ್ಟ್ ಪ್ಯಾಡಿಗೂ ಸ್ಟೆನ್ಸಿಲ್‌ನಲ್ಲಿ ಕಿಂಡಿ ಕೊಡಿ, ಬೆಸುಗೆ ಪೇಸ್ಟ್ ಬೀಳಲಿ. ಓಎಸ್‌ಪಿ ಅಂದರೆ ತಾಮ್ರದ ಮೇಲಿನ ತೆಳು ಸಾವಯವ ಪದರ. ಬೆಸುಗೆ ಕರಗಿಸುವ ರಿಫ್ಲೋ ಬಿಸಿಗೆ ಗಟ್ಟಿಯಾಗುತ್ತದೆ, ಪ್ರೋಬ್ ಅದನ್ನು ಸೀಳಿ ತಾಮ್ರ ಮುಟ್ಟುವುದು ಕಷ್ಟ. ಚೆನ್ನಾಗಿರುವ ಬೋರ್ಡೂ ಫೇಲ್ ತೋರಿಸುತ್ತದೆ, ಲೈನಿನ ಹುಡುಗರು ಪಾಸ್ ಆಗುವ ತನಕ ಒತ್ತುತ್ತಲೇ ಇರುತ್ತಾರೆ. ಒತ್ತಿದಷ್ಟೂ ಮೇಲೆ ಹೇಳಿದ ಬಿರುಕಿಗೆ ದಾರಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದು ವರ್ಷಕ್ಕೆ ಐವತ್ತು-ಅರವತ್ತು ಬೋರ್ಡು ಅಷ್ಟೇ. ನಮಗೂ ಇಷ್ಟೆಲ್ಲ ಬೇಕಾ?

ಉತ್ತರ: ಫಿಕ್ಸ್ಚರ್ ಬೇಡ, ಫ್ಲೈಯಿಂಗ್ ಪ್ರೋಬ್ (ಪ್ರೋಬೇ ಓಡಾಡಿ ಪ್ಯಾಡುಗಳನ್ನು ಮುಟ್ಟುವ ಯಂತ್ರ) ಸಾಕು. ಒಂದೊಂದು ಬೋರ್ಡಿಗೆ ಹಲವು ನಿಮಿಷ ಹಿಡಿಯುತ್ತದೆ, ಆದರೆ ಚಿಕ್ಕ ಪ್ಯಾಡ್ ಇದ್ದರೂ ನಡೆಯುತ್ತದೆ. ಮುಂದೆ ಸಾವಿರಗಟ್ಟಲೆ ಮಾಡುವ ಆಸೆ ಇದ್ದರೆ ಮಾತ್ರ ಈಗಲೇ ದೊಡ್ಡ ಪ್ಯಾಡ್ ಹಾಕಿಡಿ.

ಪ್ರಶ್ನೆ: ಕೊನೇದಾಗಿ ಮೇಡಂ, ಮುಂದಿನ ರಿವಿಶನ್‌ನಲ್ಲಿ ಮೋಡೆಮ್ ಬದಲಾಗುತ್ತೆ. ಆಗ ಪ್ಯಾಡ್ ಅಲ್ಪಸ್ವಲ್ಪ ಸರಿಸಬಹುದಾ?

ಉತ್ತರ: 1 ಮಿ.ಮೀ. ಸರಿಸಿದರೂ ಫಿಕ್ಸ್ಚರಿನಲ್ಲಿ ಹೊಸ ತೂತು ಕೊರೆಯಬೇಕು, ಹಳೆಯದು ಪಕ್ಕದಲ್ಲೇ ಇದ್ದರೆ ಕೊರೆಯಲೂ ಆಗದು. ಮೋಡೆಮ್ ಸುತ್ತಲಿನವನ್ನು ಬಿಟ್ಟು ಉಳಿದ ಪ್ಯಾಡ್, ಟೂಲಿಂಗ್ ತೂತುಗಳನ್ನು ಲೇಔಟ್‌ನಲ್ಲಿ ಲಾಕ್ ಮಾಡಿಡಿ. ಹೊಸ ಮೋಡೆಮ್ ಕೂರಿಸಿದ ಮೇಲೆ, ರೂಟಿಂಗ್‌ಗೆ ಕೈ ಹಾಕುವ ಮುಂಚೆಯೇ ಫಿಕ್ಸ್ಚರಿನವರಿಗೆ ಫೈಲ್ ಕಳಿಸಿ.