ಸಹಾಯ ಬೇಕು: ಮಕ್ಕಳಲ್ಲಿ ಬೆನ್ನುಮೂಳೆಯ ಸಂಧಿವಾತ ಮುಂದೆ ಹೇಗೆ ಸಾಗುತ್ತದೆ?

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 13 ವರ್ಷ. ಮೊದಲು ಹಿಮ್ಮಡಿ ನೋವು ಅಂತಿದ್ದ, ಆಮೇಲೆ ಒಂದು ಮಂಡಿ ಊದಿಕೊಂಡಿತು. ರುಮಟಾಲಜಿಸ್ಟ್ (ಸಂಧಿವಾತದ ಡಾಕ್ಟರ್) ಇದು ಸ್ಪಾಂಡಿಲೋಆರ್ಥ್ರೈಟಿಸ್, ಅಂದರೆ ಬೆನ್ನುಮೂಳೆಯ ಸಂಧಿವಾತ ಎಂದಿದ್ದಾರೆ. ಈ ಕಾಯಿಲೆ ಇರುವವರಲ್ಲಿ ಹೆಚ್ಚಾಗಿ ಕಾಣುವ ಎಚ್‌ಎಲ್‌ಎ-ಬಿ27 ಎಂಬ ಜೀನ್‌ನ ಪರೀಕ್ಷೆ ಪಾಸಿಟಿವ್ ಬಂದಿದೆ.

ದೊಡ್ಡವರಲ್ಲಿ ಹೆಚ್ಚಾಗಿ ಬೆನ್ನಿನಿಂದಲೇ ಶುರುವಾಗುವ ಈ ಕಾಯಿಲೆ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಲಿನ ಕೀಲುಗಳಲ್ಲಿ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ಮೊದಲು ಕಾಣಿಸುತ್ತದಂತೆ. ಬೆನ್ನಿಗೆ ಬರಲು ವರ್ಷಗಳೇ ಹಿಡಿಯಬಹುದು, ಕೆಲವರಿಗೆ ಬರದೆಯೂ ಇರಬಹುದು. ನಮ್ಮವನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಆದರೆ ಎಂಆರ್‌ಐಯಲ್ಲಿ ಬೆನ್ನುಮೂಳೆಯ ಬುಡ ಸೊಂಟಕ್ಕೆ ಸೇರುವ ಕೀಲಿನಲ್ಲಿ ಉರಿಯೂತ ಕಂಡಿದೆ.

ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಹಿಡಿದುಕೊಂಡು, ಹಿಮ್ಮಡಿ ಊರದೆ ತುದಿಗಾಲಲ್ಲೇ ನಡೆಯುತ್ತಾನೆ. ಓಡಾಡಿದಂತೆ ಬಿಗಿತ ಸಡಿಲವಾಗುತ್ತದೆ, ಸುಮ್ಮನೆ ಕೂತರೆ ಮತ್ತೆ ಹಿಡಿದುಕೊಳ್ಳುತ್ತದೆ. ನೋಡಲಾಗುವುದಿಲ್ಲ.

ಇದನ್ನು ಅನುಭವಿಸಿದವರು, ಅವರ ಅಪ್ಪ-ಅಮ್ಮಂದಿರು ದಯವಿಟ್ಟು ತಿಳಿಸಿ. ಬೆನ್ನಿನ ಬಿಗಿತ ಯಾವ ವಯಸ್ಸಿನಲ್ಲಿ ಶುರುವಾಯಿತು? ಉರಿಯೂತದ ಮಾತ್ರೆ ಸಾಲದೆ ಟಿಎನ್‌ಎಫ್ (ದೇಹದಲ್ಲಿ ಉರಿಯೂತ ಹೆಚ್ಚಿಸುವ ಪ್ರೋಟೀನ್) ತಡೆಯುವ ಇಂಜೆಕ್ಷನ್ ತೆಗೆದುಕೊಂಡವರಿಗೆ ಎಷ್ಟು ದಿನಕ್ಕೆ ಗುಣ ಕಂಡಿತು? ಆಮೇಲೆ ನಿಲ್ಲಿಸಲು ಆಯಿತೇ? ನನಗೆ ಬೆನ್ನಿಗಿಂತ ತೊಡೆಸಂದಿನ ಕೀಲು ಸವೆಯುವುದೇ ಹೆಚ್ಚು ಭಯ. ಈ ಕಾಯಿಲೆಯಲ್ಲಿ ಕಣ್ಣಿಗೂ ಉರಿಯೂತ ಬರಬಹುದಂತೆ; ಕಣ್ಣು ಕೆಂಪಾಗಿ ನೋವು ಬಂದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ರುಮಟಾಲಜಿಸ್ಟ್ ಹೇಳಿದ್ದಾರೆ, ಯಾರಿಗಾದರೂ ಹಾಗಾಗಿತ್ತೇ? ಈಜು, ಬೆನ್ನು ಚಾಚುವ ವ್ಯಾಯಾಮಗಳನ್ನು ಹದಿಹರೆಯದ ಮಕ್ಕಳಿಂದ ಬಿಡದೆ ಮಾಡಿಸಿದ್ದು ಹೇಗೆ ಅಂತಲೂ ಬರೆಯಿರಿ.